ಹಳೆಯ ಗೇಮ್ ಕನ್ಸೋಲ್‌ಗೆ ಅಂಗಡಿಯಲ್ಲಿ ಹೇಳುವ ಬೆಲೆ ಸರಿಯೇ? ಲೆಕ್ಕ ಹಾಕಿ, ಪರೀಕ್ಷೆ ಮಾಡಿ ಕೊಳ್ಳುವ ಬಗೆ

ಒಂದು ಅಂಗಡಿಯಲ್ಲಿ ಪಿಎಸ್ 2 (ಸೋನಿಯ ಪ್ಲೇಸ್ಟೇಷನ್ 2) ಸ್ಲಿಮ್‌ಗೆ ಮೂರೂವರೆ ಸಾವಿರ, ನಾಲ್ಕು ಹೆಜ್ಜೆ ಆಚೆಯ ಅಂಗಡಿಯಲ್ಲಿ ಅಂಥದೇ ಮೆಷಿನ್‌ಗೆ ಏಳು ಸಾವಿರ ಎಂದುಕೊಳ್ಳಿ. ಎರಡನೆಯವರು ಸುಲಿಗೆಗೆ ನಿಂತಿದ್ದಾರೆ ಅಂತ ಥಟ್ಟನೆ ಅನಿಸುತ್ತದೆ. ಆದರೆ ಮೊದಲನೆಯದರಲ್ಲಿ ಡಿಸ್ಕ್ ಓದುವ ಲೆನ್ಸ್ ಸವೆದಿದ್ದು, ಕಂಟ್ರೋಲರ್ ಡೂಪ್ಲಿಕೇಟ್ ಆಗಿದ್ದು, ಬಿಲ್ಲೂ ಇಲ್ಲದಿದ್ದರೆ ಎರಡು ತಿಂಗಳಲ್ಲಿ ಅದೇ ದುಬಾರಿಯಾಗುತ್ತದೆ. ಹಾಗಂತ ಏಳು ಸಾವಿರದ್ದು ಚೆನ್ನಾಗಿಯೇ ಇರುತ್ತದೆ ಅನ್ನುವ ಭರವಸೆಯೂ ಇಲ್ಲ. ಹಳೆಯ ಕನ್ಸೋಲ್‌ಗೆ ಎಂಆರ್‌ಪಿ ಎಂಬುದಿಲ್ಲ. ಪಿಎಸ್ 2 ತಯಾರಿಕೆ ನಿಂತದ್ದು 2013ರ ಆರಂಭದಲ್ಲಿ. ಈಗ ಮಾರುಕಟ್ಟೆಯಲ್ಲಿರುವ ಎಲ್ಲವೂ ಒಂದೆರಡು ಕೈ ದಾಟಿ ಬಂದ ಮೆಷಿನ್‌ಗಳೇ. ಆದ್ದರಿಂದ ಬೆಲೆ ಸರಿಯೋ ತಪ್ಪೋ ಅನ್ನುವುದು ಮೆಷಿನ್ನಿನ ಸ್ಥಿತಿ ನೋಡದೆ ತೀರ್ಮಾನವಾಗುವುದಿಲ್ಲ.

ಅಂಗಡಿಯವರು ಲಾಭ ಇಟ್ಟುಕೊಳ್ಳುವುದು ತಪ್ಪಲ್ಲ. ಪರೀಕ್ಷಿಸದ ಮಾಲನ್ನು ಪರೀಕ್ಷಿಸಿದ್ದು ಅಂತ, ನಕಲಿಯನ್ನು ಅಸಲಿ ಅಂತ, ಅರ್ಧ ಸೆಟ್ಟನ್ನು ಪೂರ್ತಿ ಸೆಟ್ಟು ಅಂತ ಮಾರುವುದು ತಪ್ಪು. ಹೆಚ್ಚಿನ ಬೆಲೆ ಅಡಗಿರುವುದು ಈ ಮೂರರಲ್ಲೇ.

ಮೊದಲು ಮೂಲ ಬೆಲೆ ಹಿಡಿಯಿರಿ

ಅಂಗಡಿಗೆ ಹೋಗುವ ಮುಂಚೆ ಒಂದು ಸಂಖ್ಯೆ ಕೈಯಲ್ಲಿರಬೇಕು: ಕೆಲಸ ಮಾಡುವ ಅದೇ ಮಾಡೆಲ್ಲನ್ನು ಮನೆಯವರು ಮನೆಯವರಿಗೆ ಎಷ್ಟಕ್ಕೆ ಮಾರುತ್ತಿದ್ದಾರೆ? ಓಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಲ್ಲಿ ಕಾಣುವುದು ಕೇಳುವ ಬೆಲೆ ಮಾತ್ರ, ಕೈಬದಲಾದ ಬೆಲೆಯಲ್ಲ. ಇದಕ್ಕೊಂದು ಉಪಾಯವಿದೆ. ನಿಮ್ಮ ಊರಿನ ಹತ್ತು ಜಾಹೀರಾತುಗಳನ್ನು ಗುರುತು ಮಾಡಿ, ಬೆಲೆ ಬರೆದಿಟ್ಟುಕೊಳ್ಳಿ. ಹತ್ತು ದಿನ ಬಿಟ್ಟು ಮತ್ತೆ ನೋಡಿ. ಬೇಗ ಮಾಯವಾದವುಗಳ ಬೆಲೆ ಹೆಚ್ಚುಕಡಿಮೆ ನಿಜದ ಬೆಲೆ. ತಿಂಗಳುಗಟ್ಟಲೆ ಕೂತೇ ಇರುವವು ಮಾರಿದವರ ಆಸೆಯ ಬೆಲೆ. ತೀರ ಕಡಿಮೆಯ ಒಂದೆರಡನ್ನೂ ತೀರ ಹೆಚ್ಚಿನ ಒಂದೆರಡನ್ನೂ ಬಿಟ್ಟು ನಡುವಿನದನ್ನು ತೆಗೆದುಕೊಳ್ಳಿ.

ಇಬೇಯಲ್ಲಿ ಮಾರಾಟವಾದ ವಸ್ತುಗಳನ್ನಷ್ಟೇ ತೋರಿಸುವ ಫಿಲ್ಟರ್ ಇದೆ. ಪ್ರೈಸ್‌ಚಾರ್ಟಿಂಗ್ ಎಂಬ ತಾಣ ಅಂಥ ಮಾರಾಟಗಳನ್ನು ಒಟ್ಟುಗೂಡಿಸಿ, ಬಿಡಿ ಮೆಷಿನ್‌ಗೆ ಒಂದು ಬೆಲೆ, ಡಬ್ಬ ಸಮೇತ ಇದ್ದರೆ ಇನ್ನೊಂದು ಬೆಲೆ ಅಂತ ಕೊಡುತ್ತದೆ. ಆದರೆ ಡಾಲರ್ ಬೆಲೆಯನ್ನು ರೂಪಾಯಿಗೆ ಗುಣಿಸಿ ಅಂಗಡಿಯವರ ಮುಂದೆ ಹಿಡಿಯುವುದು ಸರಿಯಲ್ಲ; ಅಲ್ಲಿ ರಾಶಿ ಬಿದ್ದಿರುವ ನಿಂಟೆಂಡೊ ಮೆಷಿನ್‌ಗಳು ಇಲ್ಲಿ ಅಪರೂಪ. ಆ ತಾಣಗಳಿಂದ ತೆಗೆದುಕೊಳ್ಳಬೇಕಾದ್ದು ಅನುಪಾತ. ಡಬ್ಬ ಇದ್ದರೆ ಬೆಲೆ ಎಷ್ಟು ಪಟ್ಟು ಏರುತ್ತದೆ, ಯಾವ ಮಾಡೆಲ್ ಯಾವುದಕ್ಕಿಂತ ಎಷ್ಟು ಮೇಲು ಅನ್ನುವುದು ಅಲ್ಲಿ ಚೆನ್ನಾಗಿ ತಿಳಿಯುತ್ತದೆ. ಇನ್ನೊಂದು ಮಾತು: ಇಬೇಯ ಭಾರತದ ತಾಣ 2018ರಲ್ಲೇ ಮುಚ್ಚಿತು. ಈಗ ಅಲ್ಲಿಂದ ತರಿಸಿದರೆ ಸಾಗಣೆ, ಕಸ್ಟಮ್ಸ್ ಸುಂಕ ಎರಡೂ ಸೇರುತ್ತವೆ. ವಿದೇಶದಲ್ಲಿ ಅಗ್ಗ ಅನ್ನುವ ಹೋಲಿಕೆ ಮಾಡುವಾಗ ಅವನ್ನೂ ಕೂಡಿಸಿಯೇ ನೋಡಬೇಕು.

ಅಂಗಡಿಯವರಿಗೆ ಎಷ್ಟು ಬಿಡಬೇಕು

ಅಂಗಡಿಯವರು ಹತ್ತು ಹಳೆಯ ಪಿಎಸ್ 2 ಕೊಂಡರೆ ಅವುಗಳಲ್ಲಿ ಕೆಲವು ಬಿಡಿಭಾಗಕ್ಕೇ ಹೋಗುತ್ತವೆ. ಉಳಿದವನ್ನು ಬಿಚ್ಚಿ ಧೂಳು ತೆಗೆದು, ಲೆನ್ಸ್ ನೋಡಿ, ಗಂಟೆಗಟ್ಟಲೆ ಓಡಿಸಿ ಪರೀಕ್ಷಿಸಬೇಕು. ಬಾಡಿಗೆ, ಕರೆಂಟು, ಮಾರಾಟವಾಗದೆ ಕೂತ ಮಾಲಿನ ಬಂಡವಾಳ ಬೇರೆ. ಹಾಗಾಗಿ ನಿಮ್ಮಿಂದ ಎರಡು ಸಾವಿರಕ್ಕೆ ಕೊಂಡು ನಾಲ್ಕು ಸಾವಿರಕ್ಕೆ ಮಾರಿದರೆ ಅದನ್ನು ಮೋಸ ಅನ್ನಲಾಗದು. ನಮ್ಮ ಅಳತೆ ಇದು: ಬಿಲ್ ಕೊಟ್ಟು, ಲೆನ್ಸ್ ಸಮೇತ ಕನಿಷ್ಠ 30 ದಿನ ವಾರಂಟಿ ಬರೆದುಕೊಟ್ಟರೆ ಮೂಲ ಬೆಲೆಯ ಮೇಲೆ ನೂರಕ್ಕೆ 30 ಹೆಚ್ಚು ಕೊಡಬಹುದು. ಲೆನ್ಸ್ ಹೊಸದಾಗಿ ಹಾಕಿ, ಮೂರು ತಿಂಗಳು ಹೊಣೆ ಹೊತ್ತರೆ ನೂರಕ್ಕೆ 50 ಕೂಡ ನ್ಯಾಯವೇ. ಬಿಲ್ಲೂ ಇಲ್ಲ, ವಾರಂಟಿಯೂ ಇಲ್ಲ ಅಂದಮೇಲೆ ಅದು ಅಂಗಡಿಯಾಗಿ ಉಳಿಯುವುದಿಲ್ಲ. ಮನೆಯವರ ಬೆಲೆಗಿಂತ ಒಂದು ರೂಪಾಯಿಯೂ ಹೆಚ್ಚು ಕೊಡಬೇಕಾಗಿಲ್ಲ.

ಲೆಕ್ಕ ತೋರಿಸುವುದಕ್ಕೆ ಕೆಲವು ಅಂಕಿಗಳನ್ನು ಸುಮ್ಮನೆ ಹಿಡಿಯೋಣ. ಪೂರ್ತಿ ಸೆಟ್ಟಿನ ಮೂಲ ಬೆಲೆ 4,000. ವಾರಂಟಿ ಮತ್ತು ಪರೀಕ್ಷೆಗೆ ನೂರಕ್ಕೆ 30 ಸೇರಿಸಿದರೆ 5,200. ಅಂಗಡಿಯವರು ತೋರಿಸಿದ ಸೆಟ್ಟಿನಲ್ಲಿ ಮೆಮೊರಿ ಕಾರ್ಡ್ ಇಲ್ಲ, 500 ಕಳೆಯಿರಿ. ಕಂಟ್ರೋಲರ್ ಡೂಪ್ಲಿಕೇಟ್; ಅಸಲಿ ಕೊಳ್ಳಲು ಬೇಕಾಗುವ ಹೆಚ್ಚುವರಿ 600 ಕಳೆಯಿರಿ. ಉಳಿದದ್ದು 4,100. ಅವರು 6,000 ಕೇಳಿದರೆ 1,900 ಯಾತಕ್ಕೆ ಅಂತ ಕೇಳುವ ಹಕ್ಕು ನಿಮಗಿದೆ. ಬಿಡಿಭಾಗಗಳ ಈ ಹೊತ್ತಿನ ಬೆಲೆಯನ್ನು ಬೆಂಗಳೂರಿನ ಎಸ್‌ಪಿ ರೋಡಿನಲ್ಲೋ ಆನ್‌ಲೈನಿನಲ್ಲೋ ಅದೇ ದಿನ ನೋಡಿಕೊಂಡು ಈ ಸಂಖ್ಯೆಗಳ ಜಾಗದಲ್ಲಿ ಇಟ್ಟರಾಯಿತು.

ಜಿಎಸ್‌ಟಿ ಹೆಸರಿನಲ್ಲಿ ಬೆಲೆ ಏರಿಸುವುದುಂಟು. ನೋಂದಾಯಿತ ವ್ಯಾಪಾರಿ ಬಳಸಿದ ಮಾಲು ಮಾರುವಾಗ, ಕೊಂಡ ಬೆಲೆ ಮಾರಿದ ಬೆಲೆಗಳ ನಡುವಿನ ಅಂತರದ ಮೇಲೆ ಮಾತ್ರ ತೆರಿಗೆ ಕಟ್ಟುವ ಅವಕಾಶ ನಿಯಮದಲ್ಲೇ ಇದೆ. ಇನ್‌ಪುಟ್ ಕ್ರೆಡಿಟ್ (ಕೊಂಡಾಗ ಕಟ್ಟಿದ ತೆರಿಗೆಯನ್ನು ವಜಾ ಮಾಡಿಕೊಳ್ಳುವುದು) ತೆಗೆದುಕೊಂಡಿರಬಾರದು, ಅಷ್ಟೆ. ಪೂರ್ತಿ ಬೆಲೆಯ ಮೇಲೆ ಜಿಎಸ್‌ಟಿ ಬೇರೆ ಅಂದರೆ, ಬಿಲ್ಲಿನಲ್ಲಿ ಅದನ್ನು ಬಿಡಿಸಿ ಬರೆದುಕೊಡಲು ಹೇಳಿ.

ಪಿಎಸ್ 2: ಕೌಂಟರಿನಲ್ಲಿ ಅರ್ಧ ಗಂಟೆ

ಮೆಷಿನ್ನನ್ನು ತಿರುಗಿಸಿ ಕೆಳಗಿನ ಲೇಬಲ್ ಓದಿ. ಎಸ್‌ಸಿಪಿಎಚ್ ಅಕ್ಷರಗಳ ನಂತರ ಐದು ಅಂಕಿ ಇರುತ್ತವೆ. 30000ದಿಂದ 50000ದವರೆಗಿನವು ದಪ್ಪ ಮಾಡೆಲ್. 70000, 75000, 77000, 79000 ಸ್ಲಿಮ್, ಹೊರಗೆ ಅಡಾಪ್ಟರ್ ಇರುವವು. 90000 ಕೂಡ ಸ್ಲಿಮ್, ಆದರೆ ಪವರ್ ಸಪ್ಲೈ ಒಳಗೇ ಇದೆ. ಅಡಾಪ್ಟರ್ ಕಳೆದುಹೋಗುವ, ಡೂಪ್ಲಿಕೇಟ್ ಸಿಗುವ ರಗಳೆ ಇಲ್ಲ. ಕೊನೆಯ ಅಂಕಿ ಪ್ರದೇಶ ಹೇಳುತ್ತದೆ: 0 ಜಪಾನ್, 1 ಅಮೆರಿಕ, 3 ಬ್ರಿಟನ್, 4 ಯುರೋಪ್.

ಈ ಅಂಕಿ ಬೆಲೆಗೂ ಜೀವಕ್ಕೂ ಸಂಬಂಧಿಸಿದ್ದು. ಅಮೆರಿಕದಿಂದ ನೆಂಟರು ತಂದುಕೊಟ್ಟು ಆಮೇಲೆ ಅಂಗಡಿ ಸೇರಿದ ಮೆಷಿನ್‌ಗಳು ನಮ್ಮಲ್ಲಿ ಬೇಕಾದಷ್ಟಿವೆ. ಲೇಬಲ್ಲಿನಲ್ಲಿ 120 ವೋಲ್ಟ್ ಅಂತ ಮಾತ್ರ ಬರೆದಿದ್ದರೆ ನಮ್ಮ 230 ವೋಲ್ಟ್‌ಗೆ ನೇರ ಚುಚ್ಚಿದ ಕ್ಷಣ ಪವರ್ ಸಪ್ಲೈ ಸುಡುತ್ತದೆ. ಜಪಾನಿನವು 100 ವೋಲ್ಟ್. ಇವಕ್ಕೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು; ಲೇಬಲ್ಲಿನಲ್ಲಿ ಬರೆದ ವ್ಯಾಟ್‌ನ ಎರಡರಷ್ಟು ಸಾಮರ್ಥ್ಯದ್ದು ತೆಗೆದುಕೊಳ್ಳಿ. ಅದರ ಬೆಲೆಯನ್ನು ಮೆಷಿನ್ನಿನ ಬೆಲೆಯಿಂದ ಕಳೆಯಬೇಕು. ಸ್ಲಿಮ್‌ಗಾದರೆ ಅಡಾಪ್ಟರಿನ ಮೇಲಿನ ಬರಹ ನೋಡಿ: ಒಳಬರುವುದು 100ರಿಂದ 240 ಅಂತ ಇದ್ದರೆ ಚಿಂತೆ ಇಲ್ಲ, ಹೊರಬರುವುದು 8.5 ವೋಲ್ಟ್ ಇರಬೇಕು. ಪಿನ್ ಹೊಂದಿತು ಅಂತ 9 ವೋಲ್ಟ್, 12 ವೋಲ್ಟ್ ಅಡಾಪ್ಟರ್ ಕೊಟ್ಟರೆ ಮುಟ್ಟಬೇಡಿ.

ಪಿಎಸ್ 2ರಲ್ಲಿ ಮೊದಲು ಸಾಯುವುದು ಲೆನ್ಸ್. ಅಂಗಡಿಯವರು ತಮಗೆ ಗೊತ್ತಿರುವ, ಚೆನ್ನಾಗಿ ಓಡುವ ಒಂದೇ ಸಿಡಿ ಹಾಕಿ ತೋರಿಸುತ್ತಾರೆ. ಅಷ್ಟು ಸಾಲದು, ನೀವೇ ಡಿಸ್ಕ್ ಒಯ್ಯಿರಿ. ಗೀರಿಲ್ಲದ ನಾಲ್ಕು ಅಸಲಿ ಡಿಸ್ಕ್ ಇದ್ದರೆ ಪರೀಕ್ಷೆ ಪೂರ್ತಿಯಾಗುತ್ತದೆ: ಹಿಂಬದಿ ಕಪ್ಪಗಿರುವ ಪಿಎಸ್ 1 ಡಿಸ್ಕ್, ಹಿಂಬದಿ ನೀಲಿ ಇರುವ ಪಿಎಸ್ 2 ಡಿಸ್ಕ್, ಬೆಳ್ಳಿ ಬಣ್ಣದ ಮಾಮೂಲಿ ಡಿವಿಡಿ, ಮತ್ತು ಗ್ರಾನ್ ಟುರಿಸ್ಮೊ 4 ಥರದ ಎರಡು ಪದರದ ಡಿವಿಡಿ. ನೀಲಿಯವು ಸಿಡಿ, ಬೆಳ್ಳಿಯವು ಡಿವಿಡಿ. ಎರಡನ್ನೂ ಓದಲು ಲೆನ್ಸ್ ಬೇರೆಬೇರೆ ರೀತಿ ಕೆಲಸ ಮಾಡುತ್ತದೆ. ಸವೆಯುತ್ತಿರುವ ಲೆನ್ಸ್ ಎಷ್ಟೋ ಸಲ ಒಂದನ್ನು ಓದಿ ಇನ್ನೊಂದನ್ನು ಓದುವುದಿಲ್ಲ. ಎರಡು ಪದರದ್ದು ಎಲ್ಲಕ್ಕಿಂತ ಕಠಿಣ ಪರೀಕ್ಷೆ. "ನೀಲಿ ಸಿಡಿ ಗೇಮು ಈಗ ಯಾರೂ ಆಡಲ್ಲ ಸರ್" ಅನ್ನುವ ಸಮಾಧಾನ ಒಪ್ಪಬೇಡಿ. ಅದು ಲೆನ್ಸ್ ಹೊರಡುವ ಸೂಚನೆ.

ತಣ್ಣಗಿರುವ ಮೆಷಿನ್ ಚೆನ್ನಾಗಿಯೇ ಓದುತ್ತದೆ. ಬಿಸಿಯಾದ ಮೇಲೆ ಸೋಲುತ್ತದೆ. ಒಂದು ಗೇಮನ್ನು ಇಪ್ಪತ್ತು ನಿಮಿಷ ಓಡಲು ಬಿಡಿ. ಮೊದಲು ಕೆಡುವುದು ಗೇಮಿನ ನಡುವೆ ಬರುವ ವಿಡಿಯೊ ಮತ್ತು ಸಂಗೀತ. ವಿಡಿಯೊ ತಡವರಿಸಿದರೆ, ಹಾಡು ತುಂಡಾದರೆ, ಒಳಗಿಂದ ಟಿಕ್ ಟಿಕ್ ಅಂತ ಲೆನ್ಸ್ ಹಿಂದೆ ಮುಂದೆ ಓಡುವ ಸದ್ದು ಬಂದರೆ ಲೆನ್ಸ್ ಬದಲಿಸುವ ಖರ್ಚನ್ನು ಅಲ್ಲೇ ಕಳೆಯಿರಿ. ಇಪ್ಪತ್ತು ನಿಮಿಷದ ಬಳಿಕ ಆಫ್ ಮಾಡಿ, ಕೂಡಲೇ ಆನ್ ಮಾಡಿ ಇನ್ನೊಂದು ಡಿಸ್ಕ್ ಹಾಕಿ. ಬಿಸಿ ಮೆಷಿನ್ ಹೊಸ ಡಿಸ್ಕ್ ಹಿಡಿದರೆ ಧೈರ್ಯವಾಗಿ ಮುಂದುವರಿಯಬಹುದು.

ಆಮೇಲೆ ಡಿಸ್ಕ್ ಹೊರತೆಗೆದು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಮೊದಮೊದಲ ಸ್ಲಿಮ್‌ಗಳಲ್ಲಿ ಲೆನ್ಸಿಗೆ ಹೋಗುವ ಚಪ್ಪಟೆ ರಿಬ್ಬನ್ ಕೇಬಲ್ ಕಾಲ ಕಳೆದಂತೆ ಮೇಲೆದ್ದು, ಸುತ್ತುತ್ತಿರುವ ಡಿಸ್ಕಿನ ಹೊಟ್ಟೆಗೆ ಉಜ್ಜುತ್ತದೆ. ಕೈಯಿಂದ ಬಿದ್ದ ಗೀರು ಅಡ್ಡಾದಿಡ್ಡಿ ಇರುತ್ತದೆ; ಕೇಬಲ್ಲಿನ ಗೀರು ಮಾತ್ರ ಕೈವಾರದಲ್ಲಿ ಎಳೆದ ಹಾಗೆ ದುಂಡಗೆ, ಮಧ್ಯದ ತೂತಿನಿಂದ ಎಲ್ಲ ಕಡೆಯೂ ಒಂದೇ ದೂರದಲ್ಲಿ ಇರುತ್ತದೆ. ನೀವು ಒಯ್ದ ಚೊಕ್ಕ ಡಿಸ್ಕಿನ ಮೇಲೆ ಅಂಥದೊಂದು ಉಂಗುರ ಮೂಡಿದರೆ ಆ ಮೆಷಿನ್ ನಿಮ್ಮ ಮನೆಯ ಎಲ್ಲ ಡಿಸ್ಕ್‌ಗಳನ್ನೂ ತಿನ್ನುತ್ತದೆ. ದುಬಾರಿ ಡಿಸ್ಕ್‌ಗಳನ್ನು ಈ ಪರೀಕ್ಷೆಗೆ ಒಯ್ಯಬೇಡಿ. ಕೇಬಲ್ಲನ್ನು ಟೇಪಿನಿಂದ ಅಂಟಿಸಿ ಕೂರಿಸಿದರೆ ತೊಂದರೆ ತಪ್ಪುತ್ತದೆ. ಹತ್ತು ನಿಮಿಷದ ಕೆಲಸ. ಮಾಡಿಕೊಟ್ಟ ಮೇಲೆ ಮತ್ತೊಂದು ಡಿಸ್ಕ್ ಹಾಕಿ ನೋಡಿಯೇ ಹಣ ಕೊಡಿ.

ಕೇಳಲೇಬೇಕಾದ ಪ್ರಶ್ನೆ ಒಂದಿದೆ: "ಲೆನ್ಸ್ ಬದಲಿಸಿದ್ದೀರಾ, ಇಲ್ಲಾ ಪಾಟ್ ತಿರುಗಿಸಿದ್ದೀರಾ?" ಲೆನ್ಸ್ ಜೋಡಣೆಯ ಮೇಲೆ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ತಿರುಗುವ ಸ್ಕ್ರೂ ಥರದ ಭಾಗಗಳಿವೆ, ಅವೇ ಪಾಟ್. ಅವನ್ನು ಒಂದಿಷ್ಟು ತಿರುಗಿಸಿದರೆ ಲೇಸರಿಗೆ ಹೋಗುವ ಕರೆಂಟು ಹೆಚ್ಚಾಗಿ, ಸಾಯುತ್ತಿರುವ ಲೆನ್ಸೂ ಮತ್ತೆ ಓದತೊಡಗುತ್ತದೆ. ಆದರೆ ಹೆಚ್ಚು ಕರೆಂಟಿನಲ್ಲಿ ಉರಿದ ಲೇಸರ್ ಬೇಗ ಆರುತ್ತದೆ. ಕೌಂಟರಿನ ಅರ್ಧ ಗಂಟೆಯಲ್ಲಿ ಇದನ್ನು ಪತ್ತೆ ಮಾಡುವುದು ಕಷ್ಟ. ಅದಕ್ಕೇ ವಾರಂಟಿಯಲ್ಲಿ "ಲೆನ್ಸ್ ಸಮೇತ" ಎಂಬ ಎರಡು ಪದ ಬೇಕೇ ಬೇಕು ಅನ್ನುವುದು. ಲೆನ್ಸ್ ಹೊಸದು ಅಂದರೆ ಯಾವ ನಂಬರಿನದು ಅಂತ ಕೇಳಿ. ದಪ್ಪ ಮಾಡೆಲ್ ಬಹಳಷ್ಟಕ್ಕೆ ಕೆಎಚ್‌ಎಸ್-400ಸಿ, ಸ್ಲಿಮ್ ಹಲವಕ್ಕೆ ಪಿವಿಆರ್-802ಡಬ್ಲ್ಯು ಬರುತ್ತದೆ. ಕೆಲಸ ಗೊತ್ತಿರುವವರು ಉತ್ತರಕ್ಕೆ ತಡವರಿಸುವುದಿಲ್ಲ.

ಉಳಿದದ್ದು ಬೇಗ ಮುಗಿಯುತ್ತದೆ. ಎರಡೂ ಕಂಟ್ರೋಲರ್ ಪೋರ್ಟ್, ಎರಡೂ ಮೆಮೊರಿ ಕಾರ್ಡ್ ಸ್ಲಾಟ್, ಯುಎಸ್‌ಬಿ ಪೋರ್ಟ್ ಪರೀಕ್ಷಿಸಿ. ಒಂದು ಗೇಮ್ ಸೇವ್ ಮಾಡಿ, ಮೆಷಿನ್ ಆಫ್ ಮಾಡಿ, ಮತ್ತೆ ತೆರೆದು ನೋಡಿ. ಸೋನಿಯದಲ್ಲದ ಅಗ್ಗದ ಕಾರ್ಡುಗಳು ಸೇವ್ ನುಂಗುವುದು ಮಾಮೂಲು. ಅಸಲಿ ಕಾರ್ಡು 8 ಎಂಬಿ, ಮ್ಯಾಜಿಕ್‌ಗೇಟ್ ಎಂಬ ಗುರುತು ಇರುತ್ತದೆ. ಪಿಎಸ್ 2ರ ಅಸಲಿ ಕಂಟ್ರೋಲರ್ ಡ್ಯುಯಲ್‌ಶಾಕ್ 2ರ ಹಿಂದಿನ ಲೇಬಲ್ಲಿನಲ್ಲಿ ಎಸ್‌ಸಿಪಿಎಚ್-10010 ಅಂತ ಇರುತ್ತದೆ. ದಿನ, ಗಂಟೆ ಪ್ರತಿ ಸಲ ಕೇಳಿದರೆ ಒಳಗಿನ ಬಟನ್ ಸೆಲ್ ಮುಗಿದಿದೆ ಅಂತ ಅರ್ಥ; ಸಣ್ಣ ವಿಷಯ, ಅದಕ್ಕಾಗಿ ಜಗಳ ಬೇಡ.

ಬೆಲೆ ಏರಿಸುವ ನಾಲ್ಕು ಮಾತುಗಳು

"ಚಿಪ್ ಹಾಕಿದ್ದು." ಕಾಪಿ ಡಿಸ್ಕ್ ಓಡಲಿ ಅಂತ ಒಳಗೆ ಹಾಕುವ ಚಿಪ್ ಅದು. ಒಂದು ಕಾಲಕ್ಕೆ ಇದು ಬೆಲೆ ಏರಿಸುವ ಮಾತಾಗಿತ್ತು. ಈಗ ಚಿಪ್ ಎಂದರೆ ಯಾರೋ ಬೋರ್ಡಿನ ಮೇಲೆ ಹತ್ತಾರು ಕಡೆ ಬೆಸುಗೆ ಹಾಕಿದ್ದಾರೆ ಅಂತ. ಜತೆಗೆ ಆ ಮೆಷಿನ್ ವರ್ಷಗಟ್ಟಲೆ ಕಾಪಿ ಡಿಸ್ಕ್ ಓದಿ ಲೆನ್ಸ್ ಸವೆಸಿಕೊಂಡಿರುವ ಸಾಧ್ಯತೆ ಹೆಚ್ಚು. ಇದಕ್ಕೆ ಹೆಚ್ಚು ಕೊಡಬೇಡಿ. ಬೆಸುಗೆ ಕೆಲಸ ಕಚ್ಚಾ ಆಗಿದ್ದರೆ ಇನ್ನೂ ಇಳಿಸಿ.

"ಪೆನ್‌ಡ್ರೈವಲ್ಲಿ ಐವತ್ತು ಗೇಮ್ ಇದೆ." ಪಿಎಸ್ 2ರ ಯುಎಸ್‌ಬಿ ಹಳೆಯ 1.1 ಮಾದರಿಯದು, ಸೆಕೆಂಡಿಗೆ ಗರಿಷ್ಠ 12 ಮೆಗಾಬಿಟ್. ಡಿವಿಡಿ ಕೊಡುವ ವೇಗ ಅದಕ್ಕಿಲ್ಲ. ಅದಕ್ಕೇ ಪೆನ್‌ಡ್ರೈವಿನ ಗೇಮುಗಳಲ್ಲಿ ವಿಡಿಯೊ ಹಿಡಿದು ಹಿಡಿದು ಓಡುತ್ತದೆ. ಕಾಪಿ ಮಾಡಿದ ಗೇಮುಗಳ ಬೆಲೆ ಸೊನ್ನೆ. ಪೆನ್‌ಡ್ರೈವಿನ ಬೆಲೆ ಪೆನ್‌ಡ್ರೈವಿನದಷ್ಟೇ. ಇಂಥ ಸೆಟ್ಟು ಕೊಟ್ಟು ಡಿಸ್ಕ್ ಓಡಿಸಿ ತೋರಿಸಲು ಹಿಂದೇಟು ಹಾಕಿದರೆ ಲೆನ್ಸ್ ಸತ್ತಿದೆ ಅಂತಲೇ ತಿಳಿದು ಬೆಲೆ ಕಟ್ಟಿ. ಫ್ರೀ ಮೆಕ್‌ಬೂಟ್ ಕಾರ್ಡಿನ (ಚಿಪ್ ಇಲ್ಲದೆಯೇ ಇಂಥ ಗೇಮ್ ತೆರೆಯಲು ಬಳಸುವ ಮೆಮೊರಿ ಕಾರ್ಡ್) ಮಾತು ಬಂದರೆ, ಕಡೆಕಡೆಗೆ ತಯಾರಾದ 90000 ಮಾಡೆಲ್‌ಗಳಲ್ಲಿ ಅದು ನಡೆಯುವುದಿಲ್ಲ ಅನ್ನುವುದು ನೆನಪಿರಲಿ. ಅದೇ ಮೆಷಿನ್ನಿನಲ್ಲಿ, ಅದೇ ಕಾರ್ಡಿನಿಂದ ತೆರೆದು ತೋರಿಸಬೇಕು.

"ಎಚ್‌ಡಿಎಂಐ ಪಿಎಸ್ 2." ಅಂಥ ಪಿಎಸ್ 2 ಸೋನಿ ಮಾಡಲೇ ಇಲ್ಲ. ಹಿಂದುಗಡೆ ಚುಚ್ಚಿದ ಬೆರಳುದ್ದದ ಅಡಾಪ್ಟರ್ ಅದು. ಬಣ್ಣ ಹಸಿರಾಗಿ ಬಂದರೆ ಸೆಟ್ಟಿಂಗಿನಲ್ಲಿ ಕಾಂಪೊನೆಂಟ್ ವಿಡಿಯೊ ಔಟ್ ಅನ್ನು ಆರ್‌ಜಿಬಿಯಿಂದ ಇನ್ನೊಂದಕ್ಕೆ ಬದಲಿಸಿದರೆ ಸರಿಹೋಗುತ್ತದೆ.

"ಹಾರ್ಡ್‌ಡಿಸ್ಕ್ ಹಾಕಬಹುದು." ಇದೊಂದು ನಿಜ, ಇದಕ್ಕೆ ಹೆಚ್ಚು ಕೊಡಬಹುದು. ಆದರೆ ದಪ್ಪ ಮಾಡೆಲ್ಲಿಗೆ ಮಾತ್ರ, ಅದೂ ಹಿಂದಿನ ಗೂಡಿನಲ್ಲಿ ಸೋನಿಯ ನೆಟ್‌ವರ್ಕ್ ಅಡಾಪ್ಟರ್ ಇದ್ದರೆ. ಮುಚ್ಚಳ ತೆಗೆದಾಗ ಗೂಡು ಖಾಲಿ ಇದ್ದರೆ ಮಾತು ಮುಗಿಯಿತು.

ಪಿಎಸ್‌ಪಿ ಕೊಳ್ಳುವಾಗ

ಸೋನಿಯ ಕೈಯಲ್ಲಿ ಹಿಡಿದು ಆಡುವ ಮೆಷಿನ್ ಪಿಎಸ್‌ಪಿಯಲ್ಲಿ ಬ್ಯಾಟರಿಯಿಂದ ಶುರುಮಾಡಿ. ಹಿಂದಿನ ಮುಚ್ಚಳ ಸಮತಟ್ಟಾಗಿ ಕೂರದೆ ಉಬ್ಬಿದ್ದರೆ ಬ್ಯಾಟರಿ ಊದಿಕೊಂಡಿದೆ; ಒತ್ತಿ ಕೂರಿಸಬೇಡಿ, ಚುಚ್ಚಬೇಡಿ, ಬೇರೆಯದನ್ನೇ ಕೇಳಿ. 1000 ಮಾಡೆಲ್ಲಿನ ಅಸಲಿ ಬ್ಯಾಟರಿ 1800 ಎಂಎಎಚ್, 2000 ಮತ್ತು 3000ದ್ದು 1200. ಅದೇ ಅಳತೆಯ ಬ್ಯಾಟರಿಯ ಮೇಲೆ 3600 ಅಂತ ಬರೆದಿದ್ದರೆ ಅದು ಬರೀ ಬರಹ. ಚಾರ್ಜರ್ 5 ವೋಲ್ಟಿನದು.

ಬೆಳ್ಳಗಿನ ಪರದೆ ಬರುವ ಚಿತ್ರ ಹಾಕಿ ಚುಕ್ಕೆ ಹುಡುಕಿ, ಅನಲಾಗ್ ಗುಂಡಿ ಬಿಟ್ಟಾಗ ತಾನಾಗಿ ಒಂದು ಕಡೆ ಎಳೆಯುತ್ತದೆಯೇ ನೋಡಿ, ಯುಎಂಡಿ (ಪಿಎಸ್‌ಪಿಯ ಪುಟ್ಟ ಗೇಮ್ ಡಿಸ್ಕ್) ಹಾಕಿ ಹತ್ತು ನಿಮಿಷ ಆಡಿ. ಮಾಡೆಲ್ ನಂಬರು ಇ1000 ಆಗಿದ್ದರೆ ಅದರಲ್ಲಿ ವೈ-ಫೈ ಇಲ್ಲ, ಸ್ಪೀಕರ್ ಒಂದೇ. 3000ದ ಬೆಲೆಗೆ ಅದನ್ನು ಕೊಳ್ಳಬಾರದು. ಮೆಮೊರಿ ಸ್ಟಿಕ್ ಬದಲು ಮೈಕ್ರೊ ಎಸ್‌ಡಿ ಹಾಕುವ ಅಡಾಪ್ಟರ್ ಕೊಟ್ಟಿದ್ದರೆ ತಪ್ಪಿಲ್ಲ, ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಮೆಮೊರಿ ಸ್ಟಿಕ್‌ನ ಬೆಲೆ ಮಾತ್ರ ಕಟ್ಟಬೇಡಿ.

ಗೇಮ್‌ಬಾಯ್ ಮತ್ತು ಕ್ಯಾಸೆಟ್: ನಕಲಿಯ ಸಂತೆ

ನಿಂಟೆಂಡೊದ ಕೈಯಲ್ಲಿ ಹಿಡಿದು ಆಡುವ ಗೇಮ್‌ಬಾಯ್ ಅಡ್ವಾನ್ಸ್ ಎಸ್‌ಪಿಯಲ್ಲಿ ಎರಡು ಬಗೆ. ಎಜಿಎಸ್-001ರ ಪರದೆಗೆ ಬೆಳಕು ಮುಂದಿನಿಂದ ಬೀಳುತ್ತದೆ. 2005ರಲ್ಲಿ ಬಂದ ಎಜಿಎಸ್-101ಕ್ಕೆ ಹಿಂದಿನಿಂದ, ಬಣ್ಣ ಬಹಳ ಚೆನ್ನ. ಬೆಲೆಯೂ ಅಷ್ಟೇ ಮೇಲೆ. ನಂಬರಿನ ಲೇಬಲ್ ಹೊರಕವಚದ ಮೇಲಿರುವುದರಿಂದ ಕವಚ ಬದಲಿಸಿದರೆ ಲೇಬಲ್ಲೂ ಬದಲಾಗುತ್ತದೆ. ಅದನ್ನು ನಂಬಬೇಡಿ, ಬೆಳಕಿನ ಗುಂಡಿ ಒತ್ತಿ. 001ರಲ್ಲಿ ಬೆಳಕು ಪೂರ್ತಿ ಆರುತ್ತದೆ. 101ರಲ್ಲಿ ಎಷ್ಟು ಒತ್ತಿದರೂ ಆರುವುದಿಲ್ಲ, ಮಂದ ಮತ್ತು ಪ್ರಖರ ಅಂತ ಎರಡು ಹಂತ ಮಾತ್ರ. ಈ ಒಂದು ಒತ್ತಿನಿಂದ ಸಾವಿರಾರು ರೂಪಾಯಿ ಉಳಿಯಬಹುದು. ಹೊಸ ಐಪಿಎಸ್ ಪರದೆ ಹಾಕಿದ್ದರೆ ಹಾಗಂತ ಹೇಳಿ ಮಾರಲಿ. ಆಡುವವರಿಗೆ ಅದು ಒಳ್ಳೆಯದೇ, ಸಂಗ್ರಹಿಸುವವರಿಗಲ್ಲ.

ಕ್ಯಾಸೆಟ್‌ಗಳಲ್ಲಿ ಪೊಕೆಮಾನ್ ನಕಲಿ ಹೇರಳ. ಅಡ್ವಾನ್ಸ್ ಕ್ಯಾಸೆಟ್ಟಿನ ಬಾಯಿಯೊಳಗೆ ಟಾರ್ಚ್ ಬಿಟ್ಟು ನೋಡಿ: ಚಿನ್ನದ ಬಣ್ಣದ ಪಟ್ಟಿಗಳ ಮೇಲ್ಗಡೆ ಬೋರ್ಡಿನಲ್ಲಿ ನಿಂಟೆಂಡೊ ಅಂತ ಸಣ್ಣ ಅಕ್ಷರದಲ್ಲಿ ಅಚ್ಚಾಗಿರಬೇಕು. ಮುಂದಿನ ಲೇಬಲ್ಲನ್ನು ಓರೆ ಬೆಳಕಿಗೆ ಹಿಡಿದರೆ ಎರಡಂಕಿಯ ಒತ್ತು ಗುರುತು ಕಾಣಬೇಕು, ಅದು ಶಾಯಿಯದಲ್ಲ, ಕಾಗದದಲ್ಲಿ ತಗ್ಗಾಗಿ ಮೂಡಿದ್ದು. ಎರಡೂ ಇಲ್ಲದಿದ್ದರೆ ನಕಲಿ ಅಂತ ಬಿಡಿ. ರೂಬಿ, ಸಫೈರ್, ಎಮರಾಲ್ಡ್ ತೆರೆದಾಗ ಒಳಗಿನ ಬ್ಯಾಟರಿ ಮುಗಿದಿದೆ ಎಂಬ ಸಂದೇಶ ಬಂದರೆ ಹೆದರಬೇಕಿಲ್ಲ. ಗಡಿಯಾರದ ಘಟನೆಗಳು ನಿಲ್ಲುತ್ತವೆ, ಸೇವ್ ಆಗುತ್ತಲೇ ಇರುತ್ತದೆ. ಹಳೆಯ ಗೋಲ್ಡ್, ಸಿಲ್ವರ್ ಹಾಗಲ್ಲ. ಅವುಗಳ ಸಿಆರ್2025 ಸೆಲ್ ಮುಗಿದರೆ ಸೇವೇ ಉಳಿಯುವುದಿಲ್ಲ. ಕ್ಯಾಸೆಟ್ ಬಿಚ್ಚಲು 3.8 ಮಿ.ಮೀ. ಗೇಮ್‌ಬಿಟ್ ಸ್ಕ್ರೂಡ್ರೈವರ್, ಸೆಲ್ ಕೂರಿಸಲು ಬೆಸುಗೆ ಬೇಕು. ಆ ಖರ್ಚು ಕಳೆದೇ ಬೆಲೆ ಮಾತಾಡಿ.

ನಮ್ಮ ಬಾಲ್ಯದ ಟಿವಿ ವಿಡಿಯೊ ಗೇಮ್ ವಿಷಯದಲ್ಲಿ ನಿಜಕ್ಕೂ ನೋವಾಗುವಷ್ಟು ಬೆಲೆ ಏರಿಸುತ್ತಾರೆ. ಸಾವಿರಾರು ಗೇಮುಗಳಿವೆ ಅಂತ ಬರೆದು, ಹತ್ತಿಪ್ಪತ್ತನ್ನೇ ಸುತ್ತಿಸಿ ತೋರಿಸುತ್ತಿದ್ದ ಆ ಮೆಷಿನ್‌ಗಳು 1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೊ ಫ್ಯಾಮಿಕಾಮ್‌ನ ನಕಲುಗಳು. ಅಂಥವು ಈಗಲೂ ಹೊಸದಾಗಿ ತಯಾರಾಗುತ್ತಿವೆ, ಆಟಿಕೆ ಅಂಗಡಿಯಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುತ್ತವೆ. ಅವನ್ನೇ ಧೂಳು ಹಿಡಿಸಿ ಅಪರೂಪದ ನಿಂಟೆಂಡೊ ಅಂತ ಮಾರಲು ಬಂದರೆ ಎರಡನೇ ಕಂಟ್ರೋಲರ್ ಕೈಗೆ ತೆಗೆದುಕೊಳ್ಳಿ. 1983ರ ಅಸಲಿ ಫ್ಯಾಮಿಕಾಮ್‌ನಲ್ಲಿ ಎರಡೂ ಕಂಟ್ರೋಲರ್‌ಗಳ ವೈರು ಮೆಷಿನ್ನಿನೊಳಗೇ ಹೋಗಿರುತ್ತದೆ, ಕಿತ್ತು ತೆಗೆಯಲು ಬರುವುದಿಲ್ಲ. ಎರಡನೆಯದರಲ್ಲಿ ಸ್ಟಾರ್ಟ್, ಸೆಲೆಕ್ಟ್ ಗುಂಡಿಗಳೇ ಇಲ್ಲ. ಆ ಜಾಗದಲ್ಲಿ ಮೈಕ್ರೊಫೋನ್ ಇದೆ. ಪಿನ್ ಚುಚ್ಚುವ ಕಂಟ್ರೋಲರ್ ಇದ್ದರೆ ಬಹುಪಾಲು ನಕಲೇ. ನೆನಪಿಗಾಗಿ ಕೊಳ್ಳುವುದಾದರೆ ನಕಲಿನ ಬೆಲೆಗೇ ಕೊಳ್ಳಿ.

ಚೌಕಾಸಿ ಮತ್ತು ಬಿಲ್ಲು

ಹಳೆಯ ಮೆಷಿನ್ನಿನ ಚೌಕಾಸಿಯಲ್ಲಿ "ಕಮ್ಮಿ ಮಾಡಿ" ಅನ್ನುವ ಮಾತಿಗೆ ತೂಕವಿಲ್ಲ. ಕಂಡ ದೋಷಕ್ಕೆ ಬೆಲೆ ಕಟ್ಟಿ ಹೇಳಿದರೆ ಮಾತು ಬೇಗ ಮುಗಿಯುತ್ತದೆ. "ಅಣ್ಣ, ಮೆಷಿನ್ ಚೆನ್ನಾಗಿದೆ. ಆದ್ರೆ ನೀಲಿ ಸಿಡಿ ಹಿಡೀತಿಲ್ಲ, ಕಂಟ್ರೋಲರ್ ಅಸಲಿ ಅಲ್ಲ. ಲೆನ್ಸ್ ಹಾಕಿಸೋಕೆ, ಕಂಟ್ರೋಲರಿಗೆ ಇಷ್ಟಾಗತ್ತೆ. ಅದನ್ನ ಕಳೆದು ಹೇಳಿ, ಇಲ್ಲಾಂದ್ರೆ ಲೆನ್ಸ್ ನೀವೇ ಹಾಕಿಕೊಡಿ, ಹೇಳಿದ ರೇಟೇ ಕೊಡ್ತೀನಿ." ಲೆನ್ಸ್ ಅವರೇ ಹಾಕಿಕೊಡುವುದು ಎಷ್ಟೋ ಸಲ ಇಬ್ಬರಿಗೂ ಲಾಭ: ಅವರಿಗೆ ಬಿಡಿಭಾಗ ಕಡಿಮೆ ಬೆಲೆಗೆ ಸಿಗುತ್ತದೆ, ನಿಮಗೆ ಕೆಲಸದ ಹೊಣೆ ಅವರ ಮೇಲೇ ಉಳಿಯುತ್ತದೆ. ಕರೆಂಟಿಲ್ಲ, ಟಿವಿ ಇಲ್ಲ, ಆಮೇಲೆ ನೋಡೋಣ ಅಂದರೆ ಇನ್ನೊಂದು ದಿನ ಬನ್ನಿ. ಭಾನುವಾರದ ಬೀದಿ ಸಂತೆಯಲ್ಲಿ ಪರೀಕ್ಷೆ ಸಾಧ್ಯವೇ ಇಲ್ಲದ ಕಡೆ, ಮೆಷಿನ್ ಸತ್ತಿದೆ ಅಂತಲೇ ಎಣಿಸಿ ಬಿಡಿಭಾಗದ ಬೆಲೆ ಮಾತ್ರ ಕೊಡಿ.

ಬಿಲ್ಲಿನಲ್ಲಿ ಮಾಡೆಲ್ ನಂಬರು, ಸೀರಿಯಲ್ ನಂಬರು, ಕೊಟ್ಟ ಸಾಮಾನುಗಳ ಪಟ್ಟಿ, "ಲೆನ್ಸ್ ಸಮೇತ 30 ದಿನ ವಾರಂಟಿ" ಎಂಬ ಸಾಲು ಇರಲಿ. ಸೀರಿಯಲ್ ನಂಬರ್ ಇಲ್ಲದಿದ್ದರೆ ಇದು ನಮ್ಮಲ್ಲಿ ಕೊಂಡದ್ದೇ ಅಲ್ಲ ಅನ್ನುವ ಜಗಳ ಬರುತ್ತದೆ. ಅಂಗಡಿಯವರು ಸ್ಕ್ರೂ ಮೇಲೆ ಸ್ಟಿಕ್ಕರ್ ಅಂಟಿಸಿದರೆ ವಾರಂಟಿ ಮುಗಿಯುವವರೆಗೂ ಕೀಳಬೇಡಿ. ಬರೆದುಕೊಟ್ಟ ಮಾತಿಗೆ ತಪ್ಪಿದರೆ ಬಿಲ್ಲಿನ ಫೋಟೊ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಮನೆಗೆ ತಂದ ಮೇಲೆ ಮೆಷಿನ್ನನ್ನು ಶೋಕೇಸಿನಲ್ಲಿಟ್ಟು ವಾರಂಟಿ ದಿನ ಕಳೆಯಬೇಡಿ. ಮೊದಲ ಎರಡು ವಾರ ದಿನ ಬಿಟ್ಟು ದಿನ ಎರಡು ಗಂಟೆ ಒಂದೇ ಸಮನೆ ಆಡಿ, ಪ್ರತಿ ಸಲ ಬೇರೆ ಡಿಸ್ಕ್ ಹಾಕಿ. ಬ್ರಷ್ ಇರುವ ಕ್ಲೀನಿಂಗ್ ಸಿಡಿ ಹಾಕಲೇಬೇಡಿ, ಅದು ಲೆನ್ಸನ್ನು ಹೊಡೆದು ಜಾಗ ತಪ್ಪಿಸಬಹುದು. ಸ್ಲಿಮ್ ಆದರೆ ಮುಚ್ಚಳ ತೆಗೆದಾಗ ಕಾಣುವ ಲೆನ್ಸಿನ ಗಾಜನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ ಹಿಂಡಿದ ಹತ್ತಿಕಡ್ಡಿಯಿಂದ, ಒತ್ತದೆ, ಒಂದು ಸುತ್ತು ಒರೆಸಿದರೆ ಸಾಕು. ಟಿಕ್ ಟಿಕ್ ಸದ್ದು ಮೊದಲ ಸಲ ಕೇಳಿದಾಗಲೇ ಮೊಬೈಲಿನಲ್ಲಿ ವಿಡಿಯೊ ಮಾಡಿ, ಮಾರನೇ ದಿನವೇ ಅಂಗಡಿಗೆ ಒಯ್ಯಿರಿ. ನೀವು ಅಂಗಡಿ ತಲುಪುವಷ್ಟರಲ್ಲಿ ಮೆಷಿನ್ ತಣ್ಣಗಾಗಿ ಚೆನ್ನಾಗಿಯೇ ಓಡಿಬಿಡುತ್ತದೆ. ಆಗ ತೋರಿಸಲು ಆ ವಿಡಿಯೊ ಬೇಕಾಗುತ್ತದೆ.